ಹಿಂದೆ ಭಾರ, ಮುಂದೆ ಜಲ್ಲಿ

ಲಾರಿಯವನು ಜಲ್ಲಿ ಸುರಿದು ಹೋದದ್ದು ಟೀಚರ ಗೇಟಿನ ಮುಂದೆ. ಅಲ್ಲಿಂದ ಶುರುವಾಯಿತು ಎಲ್ಲ.

ಬೀದಿ ಇಳಿಜಾರು. ಮೇಲ್ತುದಿಯಲ್ಲಿ ನಿವೃತ್ತ ಗಣಿತ ಟೀಚರ ಮನೆ, ನಡುವೆ ಗಿಡಗಳ ನರ್ಸರಿ, ಕೆಳತುದಿಯಲ್ಲಿ ಬೇಕರಿ. ನರ್ಸರಿಯವನು ಕುಂಡಗಳ ನಡುವಿನ ದಾರಿಗೆಂದು ಒಂದು ಲೋಡು ಜಲ್ಲಿ ಹೇಳಿದ್ದ. ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದು ನೋಡಿದರೆ, ಟೀಚರ ಗೇಟು ಅರ್ಧ ಮುಚ್ಚಿಹೋಗುವಷ್ಟು ರಾಶಿ. ಬಾಯಲ್ಲಿದ್ದ ನೊರೆ ಗಂಟಲಿಗಿಳಿಯಿತು.

ಯಾರು ಏನು ಮಾಡಹೊರಟರೂ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದುದರಿಂದ ಬೀದಿಯವರೆಲ್ಲ ನರ್ಸರಿಯವನನ್ನು ಮೆಲ್ಲಗಣ್ಣ ಎಂದೇ ಕರೆಯುತ್ತಿದ್ದರು. ಟೀಚರ ಹತ್ತಿರ ಅವನು ಮೂರು ವರ್ಷ ಗಣಿತ ಕಲಿತಿದ್ದ. ಕಲಿತದ್ದು ಮರೆತಿತ್ತು, ಹೆದರಿಕೆ ಮಾತ್ರ ನಿನ್ನೆ ಮೊನ್ನೆಯದೆಂಬಂತಿತ್ತು.

"ಟೀಚರು ತಂಗಿ ಮನೆಗೆ ಹೋಗಿದಾರೆ, ನಾಲ್ಕು ಗಂಟೆ ಬಸ್ಸಿಗೆ ಬರ್ತಾರೆ" ಎಂದಳು ಹೆಂಡತಿ. "ರೀ, ಹೀಗಾಗಿದೆ ಅಂತ ಒಂದು ಫೋನ್ ಮಾಡಿ ಹೇಳ್ಬಿಡಿ."

"ಫೋನಾ? ನಿಂಗೇನಾದ್ರೂ ಬುದ್ಧಿ ಇದೆಯಾ? ಅವ್ರು ಬರೋದ್ರೊಳಗೆ ಒಂದು ಕಲ್ಲೂ ಕಾಣಬಾರದು."

ಅವನ ಬಳಿ ಒಂದು ಪುಟ್ಟ ಟ್ರಾಕ್ಟರ್ ಇತ್ತು. ನಾಲ್ಕು ದಿನದ ಹಿಂದೆ ಕೊಂಡದ್ದು, ಸೆಕೆಂಡ್ ಹ್ಯಾಂಡ್. ಮುಂದುಗಡೆ ಎರಡು ಕಬ್ಬಿಣದ ತೋಳು, ತುದಿಯಲ್ಲಿ ಮಣ್ಣೆತ್ತುವ ಬಕೆಟ್. ಮೆಲ್ಲಗಣ್ಣ ಅದಕ್ಕೂ ಹೆದರುತ್ತಿದ್ದ. ಆದರೆ ಟೀಚರಿಗೆ ಹೆದರುವಷ್ಟಲ್ಲ.

ಬಕೆಟ್ಟನ್ನು ರಾಶಿಗೆ ನುಗ್ಗಿಸಿ, ಭರ್ತಿ ಮಾಡಿ, ಎದೆಯೆತ್ತರಕ್ಕೆ ಎತ್ತಿದ. ಮೂತಿಯನ್ನು ಇಳಿಜಾರಿಗೆ ತಿರುಗಿಸಿದ. ಆಗ ಕೂತಿದ್ದ ಸೀಟು ತನ್ನಷ್ಟಕ್ಕೆ ಮೇಲೇಳತೊಡಗಿತು. ಹಿಂದಿನ ಎರಡೂ ಚಕ್ರಗಳು ನೆಲ ಬಿಟ್ಟಿದ್ದವು. ಟ್ರಾಕ್ಟರು ಒದೆಯಲು ಹಿಂಗಾಲೆತ್ತಿದ ಕತ್ತೆಯಂತೆ ನಿಂತು, ಮುಂದಿನ ಚಕ್ರಗಳ ಮೇಲೆ ಕೆಳಗೆ ಉರುಳಲಾರಂಭಿಸಿತು. ಅವನು ಬ್ರೇಕನ್ನು ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದ. ಬ್ರೇಕ್ ಇದ್ದದ್ದು ಹಿಂದಿನ ಚಕ್ರಗಳಿಗೆ, ಅವು ಗಾಳಿಯಲ್ಲಿದ್ದವು. ನರ್ಸರಿ ಸರಿದುಹೋಯಿತು. ಹೆಂಡತಿಯ ಕಿರುಚು ಸರಿದುಹೋಯಿತು. ಬೇಕರಿಯ ಗಾಜಿನ ಕಪಾಟು, ಅದರೊಳಗಿನ ಬನ್ನುಗಳು ಒಂದೊಂದಾಗಿ ಎಣಿಸುವಷ್ಟು ಹತ್ತಿರ ಬಂದವು. ಕೈಗೆ ಸಿಕ್ಕ ಹಿಡಿಕೆಯನ್ನು ತಳ್ಳಿದ. ಬಕೆಟ್ ದಡಾರನೆ ನೆಲಕ್ಕೆ ಬಿತ್ತು, ಹಿಂಭಾಗ ಧೊಪ್ಪೆಂದು ಕೂತಿತು, ಟ್ರಾಕ್ಟರ್ ಮೆಟ್ಟಿಲಿಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಏನು ಬೇಕಿತ್ತಣ್ಣಾ?" ಎಂದ ಬೇಕರಿಯವನು, ರೂಢಿಬಲದಿಂದ.

ಮೆಲ್ಲಗಣ್ಣ ಸೀಟಿನಿಂದ ಜಾರಿ ಮೆಟ್ಟಿಲ ಮೇಲೆ ಕೂತ. ನೀರು ಕುಡಿಸಿದ ಮೇಲೆ ವಿಷಯ ಹೇಳಿದ.

"ಇಷ್ಟೇನಾ? ಹಿಂದೆ ಭಾರ ಸಾಲದು. ನಾನ್ ನಿಂತ್ಕೋತೀನಿ ನಡೀರಿ. ನೂರಾ ಹದಿನೈದು ಕೆಜಿ ಇದೀನಿ, ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ."

ಬೇಕರಿಯವನು ಹಿಂದಿನ ಕೊಂಡಿಗಳ ಮೇಲೆ ನಿಂತು ಸೀಟು ಹಿಡಿದುಕೊಂಡ. ಹತ್ತು ಮಾರು ಚೆನ್ನಾಗಿಯೇ ಹೋಯಿತು. ಆಮೇಲೊಂದು ಗುಂಡಿ ಸಿಕ್ಕಿತು. ಅವನು ಚೆಂಡಿನಂತೆ ಪುಟಿದು, ಸಿಕ್ಕಿದ್ದನ್ನು ಬಾಚಿ ತಬ್ಬಿದ; ಸಿಕ್ಕಿದ್ದು ಮೆಲ್ಲಗಣ್ಣನ ಕುತ್ತಿಗೆ.

"ಬಿಡೋ! ಉಸಿರು ಕಟ್ತಿದೆ!"

"ಬಿಟ್ರೆ ಚಕ್ರದಡಿ ಹೋಗ್ತೀನಲ್ಲಣ್ಣಾ!"

ಅಷ್ಟರಲ್ಲಿ ಬೇಕರಿಯ ಎದುರಿನ ವೆಲ್ಡಿಂಗ್ ಅಂಗಡಿಯವನು ಓಡಿ ಬಂದು ಎಂಜಿನ್ ಆರಿಸಿದ. ಕಣ್ಣು ಕೆಂಡವಾಗಿತ್ತು. "ಮನುಷ್ಯರನ್ನ ನಿಲ್ಲಿಸ್ತಾರೇನ್ರೀ? ಒಬ್ಬ ಉರುಳಿದ್ರೆ ಇಬ್ಬರ ಕಥೇನೂ ಮುಗೀತಿತ್ತು. ಭಾರ ಅಲ್ಲಾಡಬಾರದು, ಹಿಂದಿನ ಚಕ್ರದಿಂದ ಆಚೆಗಿರ್ಬೇಕು. ಬಕೆಟ್ಟು ಮೊಣಕಾಲಿಗಿಂತ ಮೇಲೆ ಏಳಬಾರದು. ನನ್ನ ಡ್ರಮ್ಮು ಕೊಡ್ತೀನಿ. ಆದ್ರೆ ಮೂರೂವರೆಗೆ ವಾಪಸ್ ಬೇಕು, ಹೊರಗಡೆ ಕೆಲಸಕ್ಕೆ ಅದನ್ನೇ ಒಯ್ಯಬೇಕು."

ಅದು ಕಾಂಕ್ರೀಟ್ ತುಂಬಿದ ಹಳೇ ಎಣ್ಣೆ ಡ್ರಮ್ಮು. ನಡುವೆ ಅಡ್ಡಲಾಗಿ ದಪ್ಪ ಕಬ್ಬಿಣದ ಸರಳು. ಸರಳಿನ ಎರಡು ತುದಿಯನ್ನು ಟ್ರಾಕ್ಟರಿನ ಹಿಂದಿನ ತೋಳುಗಳಿಗೆ ಸಿಕ್ಕಿಸಿ, ಮೇಲಿನಿಂದ ಬಿಗಿದು, ಪಿನ್ನು ಹಾಕಿದರು. ಟ್ರಾಕ್ಟರು ಉಂಡು ಕೂತ ಯಜಮಾನನಂತೆ ಹಿಂದಕ್ಕೆ ಒರಗಿತು.

ಈ ಸಲ ಚಕ್ರ ಏಳಲಿಲ್ಲ. ಎರಡನೇ ಸಲವೂ ಏಳಲಿಲ್ಲ. ಆದರೂ ಮೆಲ್ಲಗಣ್ಣನ ಜೀವ ಅಂಗೈಯಲ್ಲೇ ಇತ್ತು. ಪ್ರತಿ ಸಲವೂ ಕತ್ತು ತಿರುಗಿಸಿ ಹಿಂದಿನ ಚಕ್ರ ನೋಡುವನು, ಬಸ್ಸಿನ ಹಾರನ್ ಕೇಳಿದರೆ ಬೆವರುವನು. ಮೂವತ್ತೊಂದು ಸಲ ಹೋಗಿ ಬಂದ. ಹೆಂಡತಿ ಅತ್ತ ಕುಂಡಗಳ ನಡುವೆ ಜಲ್ಲಿ ಹರಡಿ, ನೀರು ಹಾಕಿ, ಧಿಮ್ಮಸು ಬಡಿದು ಗಟ್ಟಿ ಮಾಡಿದಳು. ಮೂರೂವರೆಗೆ ವೆಲ್ಡಿಂಗಿನವನು ಡ್ರಮ್ಮು ಬಿಚ್ಚಿ ಗಾಡಿಗೇರಿಸಿ, ಶೆಟರ್ ಎಳೆದು ಹೊರಟೇಹೋದ. ಮೆಲ್ಲಗಣ್ಣ ಟ್ರಾಕ್ಟರನ್ನು ನರ್ಸರಿಯ ಬಾಗಿಲಿಗೆ ಅಡ್ಡ ನಿಲ್ಲಿಸಿ, ಪೊರಕೆ ಹಿಡಿದು ಮೇಲೆ ಓಡಿ, ಟೀಚರ ಗೇಟಿನ ಮುಂದೆ ಗುಡಿಸಿ, ಕೊನೆಯ ಕಲ್ಲನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ.

ನಾಲ್ಕಕ್ಕೆ ಸರಿಯಾಗಿ ಟೀಚರು ಬಂದರು. ಗೇಟಿನ ಮುಂದೆ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಏನೋ, ನನ್ನ ಜಲ್ಲಿ ಎಲ್ಲೋ?"

"ನಿ... ನಿಮ್ಮ ಜಲ್ಲಿನಾ ಟೀಚರ್?"

"ಮತ್ತೆ ಯಾರದ್ದು? ಬೆಳಿಗ್ಗೆನೇ ಸುರಿದಿದೀನಿ ಅಂತ ಲಾರಿಯವನು ಫೋನ್ ಮಾಡಿದ್ದ. ನಾಳೆ ಬೆಳಿಗ್ಗೆ ಆರಕ್ಕೆ ಗಾರೆ ಕೆಲಸದವರು ಬರ್ತಾರೆ. ಇಲ್ಲೊಂದು ರಾಶಿ ಇತ್ತೋ ಇಲ್ವೋ?"

ಮೆಲ್ಲಗಣ್ಣನ ಕೈಯಿಂದ ಪೊರಕೆ ಜಾರಿತು. ಮೂವತ್ತೊಂದು ಸಲ! ಅದೂ ಧಿಮ್ಮಸು ಬಡಿದು ಗಟ್ಟಿಯಾಗಿರುವುದನ್ನು ಅಗೆಯುವುದು ಹೇಗೆ? ನಿಂತಲ್ಲೇ ಒಪ್ಪಿಸಿಬಿಟ್ಟ, ಹೋಂವರ್ಕ್ ಮಾಡದವನ ದನಿಯಲ್ಲಿ. ಟೀಚರು ಉತ್ತರ ಕೊಡುವ ಮೊದಲೇ ಬೀದಿಯ ಕೆಳಗಿನಿಂದ ಗುಡುಗಿನಂಥ ಸದ್ದಾಯಿತು. ಹಿಂದೆಯೇ ಬೇಕರಿಯವನ ಬೊಬ್ಬೆ. ಆಮೇಲೆ ಮೆಲ್ಲಗಣ್ಣನ ಜೇಬಿನಲ್ಲಿ ಫೋನು, ಅವನು ಜಲ್ಲಿ ಹೇಳಿದ್ದ ಲಾರಿಯವನದು.

"ಅಣ್ಣಾ, ತಡ ಆಯ್ತು, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಲೋಡು ತಂದಿದೀನಿ. ನಿಮ್ಮ ಬಾಗಿಲಿಗೆ ಯಾವುದೋ ಟ್ರಾಕ್ಟರ್ ಅಡ್ಡ ನಿಂತಿತ್ತು ನೋಡಿ, ಅದಕ್ಕೇ ಬೇಕರಿ ಮುಂದೆನೇ ಸುರಿದ್ಬಿಟ್ಟೆ."

ಇಬ್ಬರೂ ಕೆಳಗೆ ನೋಡಿದರು. ಬೇಕರಿಯ ಮೆಟ್ಟಿಲು ಕಾಣುತ್ತಿರಲಿಲ್ಲ. ರಾಶಿಯ ಆಚೆಯಿಂದ ಎರಡು ಕೈ ಮಾತ್ರ ಮೇಲೆದ್ದು ಬೀಸುತ್ತಿದ್ದವು.

ಟೀಚರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅವರು ತನ್ನನ್ನು ನೋಡಿ ನಕ್ಕದ್ದನ್ನು ಮೆಲ್ಲಗಣ್ಣ ಕಂಡಿರಲಿಲ್ಲ. ಈಗ ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಯಾಕೋ ಅಷ್ಟು ಹೆದರ್ತೀಯ? ನನ್ನದು ನಿನ್ನ ಹತ್ರ ಹೋಯ್ತು, ನಿನ್ನದು ನನಗೆ ಬರ್ಲಿ. ಲೆಕ್ಕ ಸರಿಹೋಯ್ತು" ಎನ್ನುತ್ತ ಅವರು ಜಗಲಿಯಿಂದ ಕುರ್ಚಿಯೊಂದನ್ನು ಎಳೆದು ಗೇಟಿನ ಬಳಿ ಹಾಕಿ ಕೂತರು. "ಹೋಗು, ಆ ಟ್ರಾಕ್ಟರ್ ಶುರು ಮಾಡು. ಕತ್ತಲಾಗೋದ್ರೊಳಗೆ ಅಷ್ಟನ್ನೂ ಮೇಲೆ ತಂದ್ಹಾಕು."

ಮೆಲ್ಲಗಣ್ಣ ಡ್ರಮ್ಮಿಲ್ಲದ ಟ್ರಾಕ್ಟರನ್ನು ನೋಡಿದ, ಆಮೇಲೆ ಬಾಗಿಲು ಹಾಕಿದ್ದ ವೆಲ್ಡಿಂಗ್ ಅಂಗಡಿಯನ್ನು ನೋಡಿದ.