ಹಳದಿ ಟೊಪ್ಪಿಗೆಯ ಸಲಹೆಗಾರರಿಗೆ, ರಸ್ತೆಯ ಬಾಗಿನ ಬಗ್ಗೆ

ಪರದೆಯ ಬಲಮೂಲೆಯಲ್ಲಿ ಹಳದಿ ಟೊಪ್ಪಿಗೆ ಧರಿಸಿ, ಇಪ್ಪತ್ತು ವರ್ಷಗಳಿಂದ ಒಂದೇ ನಗೆ ನಗುತ್ತಿರುವ ಮಾನ್ಯ ನಗರ ಸಲಹೆಗಾರರೇ,

ಊರ ಪಂಚಾಯ್ತಿಯ ಸದಸ್ಯನೂ, ಓಣಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನೂ, ಊರು ಕಟ್ಟುವ ತಮ್ಮ ಹಳೆಯ ಕಂಪ್ಯೂಟರ್ ಆಟದ ಮೊನ್ನೆಯವರೆಗಿನ ಖಾಯಂ ಮೇಯರನೂ ಆದ ಮಲ್ಲೇಶ ಎಂಬ ನಾನು, ಪರದೆಯಲ್ಲಿ ಎಂದೂ ಕಾಣದ ತಮ್ಮ ಪಾದಗಳಿಗೆ ಶರಣು ಶರಣಾರ್ಥಿ ಸಲ್ಲಿಸಿ ಬರೆದುಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮ, ತಾವು ಕರೆಂಟು ಇರುವವರೆಗೆ ಕ್ಷೇಮ. ನಮ್ಮೂರಿನ ಹೆಸರು ಬರೆಯುತ್ತಿಲ್ಲ. ಕಲ್ಲೋಳಿಗೂ ತುಕ್ಕಾನಟ್ಟಿಗೂ ನಡುವೆ ಎಲ್ಲೋ ಎಂದುಕೊಳ್ಳಿ, ಈಗಾಗಲೇ ಆಗಿರುವ ನಗೆಪಾಟಲು ಸಾಕು.

ಮೊದಲು ತಮ್ಮ ಗುಣಗಾನ. ಹುಕ್ಕೇರಿಯಲ್ಲಿ ಬಾಗಿಲು ಹಾಕಿದ ಒಂದು ಕ್ಲಾಸಿನಿಂದ ಹಳೆಯ ಕಂಪ್ಯೂಟರು ತಂದಾಗ, ಬಾಡಿಗೆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಕ್ಯಾಲೆಂಡರಿನಂತೆ ತಾವು ಅದರೊಳಗೇ ಇದ್ದಿರಿ. ಈಗಿನ ಆಟಗಳು ಹೊಸ ಯಂತ್ರ ಬೇಡುತ್ತವೆ, ಇಂಟರ್‌ನೆಟ್ ಬೇಡುತ್ತವೆ, ದಿನಕ್ಕೊಂದು ಪಾಸ್‌ವರ್ಡ್ ಬೇಡುತ್ತವೆ. ತಾವು ಏನನ್ನೂ ಬೇಡಲಿಲ್ಲ. ತಮ್ಮಲ್ಲಿ ಒಂದು ಸಾಲು ಕಂಬ ನೆಟ್ಟರೆ ಊರಿಗೆಲ್ಲ ಹಗಲೂ ರಾತ್ರಿ ಕರೆಂಟು, ಪೈಪು ಎಳೆದ ಕ್ಷಣವೇ ನೀರು, ಶಾಲೆ ಕಟ್ಟಿದರೆ ಮಾಸ್ತರರು ತಾವಾಗಿಯೇ ಬಂದು ಕೂರುತ್ತಾರೆ. ಜನ ಮುನಿದರೆ ತಾವು ಮೆಲ್ಲಗೆ ಇಣುಕಿ, ಅವರಿಗೊಂದು ಉದ್ಯಾನ ಬೇಕಂತೆ ಎನ್ನುತ್ತೀರಿ; ಉದ್ಯಾನ ಇಟ್ಟ ಕೂಡಲೇ ಎಲ್ಲರೂ ಹೊಗಳುತ್ತಾರೆ. ಇಂಥ ಸಂಭಾವಿತರನ್ನು ನಾನು ಇಡೀ ಮೂಡಲಗಿ ತಾಲೂಕಿನಲ್ಲಿ ಕಂಡಿಲ್ಲ.

ಕೊರತೆ ಎನ್ನಲು ನಾಲಿಗೆ ಏಳದು, ಆದರೂ ಹೇಳಲೇಬೇಕು. ತಮ್ಮ ನಗರದಲ್ಲಿ ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ರಸ್ತೆ ನಡುವೆ ನಿಲ್ಲುವ ಎಮ್ಮೆ ಇಲ್ಲ, ವಾರದ ಸಂತೆಯಂತೂ ಇಲ್ಲವೇ ಇಲ್ಲ. ಮನೆ ಕೆಡವಲು ಒಂದು ಕ್ಲಿಕ್ಕು ಸಾಕು. ಒಳಗಿದ್ದವರು ಎಲ್ಲಿಗೆ ಹೋದರೆಂದು ತಾವು ಇಂದಿಗೂ ತಿಳಿಸಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ರಸ್ತೆ ನೆಟ್ಟಗೆ ಹೋಗುತ್ತದೆ, ಇಲ್ಲವೇ ಮೂಲೆಗೆ ಬಂದು ಸಿಪಾಯಿಯ ಹಾಗೆ ಗಕ್ಕನೆ ತಿರುಗುತ್ತದೆ. ಬಾಗುವುದು ಅದರ ಜಾಯಮಾನದಲ್ಲೇ ಇಲ್ಲ.

ಈ ಕೊನೆಯ ಗುಣವೇ ನನ್ನ ಕುತ್ತಿಗೆಗೆ ಬಂತು. ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗೆ ರಸ್ತೆ ಅಗಲ ಮಾಡಲು ಪಂಚಾಯ್ತಿ ಹೊರಟಾಗ, ನಾನು ತಮ್ಮ ಆಟದಲ್ಲಿ ನಮ್ಮೂರನ್ನೇ ಕಟ್ಟಿ, ಗೋಕಾಕಕ್ಕೆ ಹೋಗಿ ಬಾಗಿಲಿನಷ್ಟು ದೊಡ್ಡ ಬಣ್ಣದ ಪ್ರಿಂಟು ತೆಗೆಸಿ, ಗ್ರಾಮಸಭೆಯಲ್ಲಿ ತೂಗುಹಾಕಿದೆ. ಇದು ಬರೀ ನೋಡಲಿಕ್ಕೆ ಎಂದು ಹೇಳಬೇಕಿತ್ತು, ಚಪ್ಪಾಳೆಯ ಗದ್ದಲದಲ್ಲಿ ಮರೆತೆ. ತಮ್ಮ ಆಟದಲ್ಲಿ ಊರಿನ ಅಂಚಿಗೊಂದು ಸಮುದ್ರ ಇರಲೇಬೇಕಾದ್ದರಿಂದ ಕಾಗದದ ಪಶ್ಚಿಮಕ್ಕೆಲ್ಲ ನೀಲಿ ಇತ್ತು. ಊರ ಹಿರಿಯರಾದ ದುಂಡಪ್ಪ ಕಾಕಾ ಎದ್ದು, "ಈ ನೀಲಿ ಏನ್ರಿ ಮೆಂಬರ್ರ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ "ಕಾಲುವಿ ಅಗಲ ಮಾಡತಾರಂತ್ರಿ" ಎಂದರು. ಕಾಕಾ "ಹಂಗಾದ್ರ ಛಲೋ ಆತು" ಎಂದು ಕುಳಿತರು. ನಕಾಶೆಯಂತೆಯೇ ರಸ್ತೆ ಆಗಲಿ ಎಂದು ಠರಾವು ಸರ್ವಾನುಮತದಿಂದ ಪಾಸಾಯಿತು, ಮೊದಲು ಎತ್ತಿದ ಕೈ ನನ್ನದೇ.

ಮರುವಾರ ಸುಣ್ಣದ ಗೆರೆ ಹಾಕಿದರು. ನಮ್ಮ ರಸ್ತೆ ಒಂದು ಕಡೆ ಮೊಣಕೈಯಂತೆ ಬಾಗುತ್ತದೆ; ಆ ಬಾಗಿನ ಒಳಬದಿಗೆ ನನ್ನ ಹೆಂಡತಿ ಭಾಗ್ಯಾಳ ಹೊಲಿಗೆ ಅಂಗಡಿ, ಎದುರು ಬದಿಗೆ ನನ್ನ ಕ್ಲಾಸು. ತಮ್ಮ ಕೃಪೆಯ ನೇರ ಗೆರೆ ಅಂಗಡಿಯ ಮುಂಬಾಗಿಲಿಗೆ ಬಂದು ಮುಟ್ಟಿ, ಹಿಂಬಾಗಿಲಿನಿಂದ ಮತ್ತೆ ಹೊರಟಿತ್ತು. ನಡುವೆ ಅವಳ ಹೊಲಿಗೆ ಯಂತ್ರ. ಹದಿನಾಲ್ಕು ವರ್ಷ ಆ ಕೋಣೆಯಲ್ಲಿ ಕೂತು ಅವಳು ಊರ ಮಕ್ಕಳ ಯೂನಿಫಾರ್ಮು, ಮದುವಣಗಿತ್ತಿಯರ ಜಂಪರು ಹೊಲಿದಿದ್ದಾಳೆ. ಅವಳಿಗೆ ತನ್ನದು ಎಂದು ಇರುವುದು ಅದೊಂದೇ. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು, ಎರಡರಲ್ಲಿ ಹೆದರಿಕೆಯೇ ಹೆಚ್ಚು. ಆಟ ಕೆಟ್ಟರೆ ಹಿಂದೆ ಉಳಿಸಿಟ್ಟ ಊರನ್ನು ಮರಳಿ ತರುವ ಗುಂಡಿಯೊಂದು ತಮ್ಮಲ್ಲಿದೆಯಷ್ಟೆ. ಅದನ್ನು ದಯವಿಟ್ಟು ನಮ್ಮ ಪಂಚಾಯ್ತಿಯ ಗೋಡೆಗೆ ಕೂರಿಸಿಕೊಡಿ, ಗ್ರಾಮಸಭೆಯ ಹಿಂದಿನ ದಿನಕ್ಕೆ ಹೋಗಬೇಕಾಗಿದೆ ಎಂದು ಪರದೆಯ ಮುಂದೆ ಕೈಮುಗಿದೆ. ಅದಾಗದಿದ್ದರೆ ಸುಣ್ಣದ ಗೆರೆಯಷ್ಟೇ ಅಳಿಸುವ ಒಂದು ಸಣ್ಣ ಭೂಕಂಪವಾದರೂ ಆಗಲಿ ಎಂದೆ. ತಾವು ನಗುತ್ತಲೇ ಇದ್ದಿರಿ.

ಭಾಗ್ಯಾ ಅಳಲಿಲ್ಲ, ಕೂಗಾಡಲೂ ಇಲ್ಲ. ಆ ಪ್ರಿಂಟನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿ, "ಕಂಕಳ ಹಿಂಗ ನೆಟ್ಟಗ ಕತ್ತರಿಸಿದ್ರ, ಹಾಕ್ಕೊಂಡಾಕಿ ಕೈ ಹೆಂಗ ಎತ್ತಬೇಕ್ರಿ?" ಎಂದು ಕೇಳಿದಳು. ಆಮೇಲೆ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ರಸ್ತೆಯನ್ನೆಲ್ಲ ಅಳೆದಳು, ಬಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪ್ರಿಂಟಿನ ಮೇಲೆ ಒಂದು ಬಾಗು ಎಳೆದಳು. ಅಂಗಡಿ ಉಳಿಯಿತು, ಸೀಮೆಸುಣ್ಣ ಮಾತ್ರ ಎಲ್ಲೂ ತಡೆಯದೆ ನನ್ನ ಕ್ಲಾಸಿನ ನಡುವೆ ಹಾಯ್ದು ಹೋಯಿತು. "ನಿಮ್ಮ ಖೋಲಿ ಅರ್ಧ ಹೋಗತೈತಿ. ಸಭಾದಾಗ ನೀವು ಹೇಳ್ತೀರೋ, ನಾ ಹೇಳ್ಲೋ?" ಎಂದಳು.

ಹೋದ ಸೋಮವಾರದ ಸಭೆಯಲ್ಲಿ ನಾನೇ ಎದ್ದು, ಇದು ನಕಾಶೆಯಲ್ಲ, ಆಟ ಎಂದು ಒಪ್ಪಿಕೊಂಡೆ. ನಗು ನಿಲ್ಲಲು ಚಹಾ ಬರಬೇಕಾಯಿತು. ದುಂಡಪ್ಪ ಕಾಕಾ ಒಬ್ಬರೇ ನಗಲಿಲ್ಲ. "ಕೈ ನಾವೂ ಎತ್ತೇವಲ್ಲೋ. ಒಬ್ಬರರ ಹೋಗಿ ರಸ್ತಾ ನೋಡಿದ್ವೇನು?" ಎಂದರು. ಭಾಗ್ಯಾಳ ಸೀಮೆಸುಣ್ಣದ ಗೆರೆಗೇ ಹೊಸ ಠರಾವಾಯಿತು. ನನ್ನ ಕಂಪ್ಯೂಟರು ಈಗ ಭಾಗ್ಯಾಳ ಅಂಗಡಿಯ ಮೂಲೆಗೆ ಬಂದಿದೆ. ಅವಳು ಯಂತ್ರ ತುಳಿದಾಗಲೆಲ್ಲ ಪರದೆ ನಡುಗಿ ತಮ್ಮ ಟೊಪ್ಪಿಗೆ ಅಲ್ಲಾಡುತ್ತದೆ. ಅದನ್ನು ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು, ಏಕೆಂದರೆ ನಿಲ್ಲಿಸು ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಇಂತು ತಮ್ಮ ವಿಶ್ವಾಸಿ,
ಮಲ್ಲೇಶ
(ಅರ್ಧ ಕ್ಲಾಸಿನ ಮಾಸ್ತರ, ಮಾಜಿ ಮೇಯರ)

ತಾ.ಕ.: ನಿನ್ನೆ ಭಾಗ್ಯಾ ಮೊದಲ ಸಲ ತಮ್ಮ ನಗರವನ್ನು ಕಣ್ಣಿಟ್ಟು ನೋಡಿ, "ಇಷ್ಟ ಮಂದ್ಯಾಗ ಟೇಲರ್ ಅಂಗಡಿ ಯಾವುದ್ರಿ?" ಎಂದು ಕೇಳಿದಳು. ಓಣಿ ಓಣಿ ಹುಡುಕಿದೆ. ವಿಮಾನ ನಿಲ್ದಾಣವಿದೆ, ಕ್ರೀಡಾಂಗಣವಿದೆ, ಮೂರು ಕಾರ್ಖಾನೆಗಳಿವೆ, ಒಂದೂವರೆ ಲಕ್ಷ ಜನರಿದ್ದಾರೆ, ಟೇಲರ್ ಒಬ್ಬರೂ ಇಲ್ಲ. ತಮ್ಮ ನಾಗರಿಕರು ಏನು ಉಟ್ಟುಕೊಂಡು ಮನೆಯಿಂದ ಹೊರಬೀಳುತ್ತಾರೋ ಕೇಳಲು ನನಗೇ ಸಂಕೋಚ. ತಾವು ಒಪ್ಪಿದರೆ ಅಳತೆ ತೆಗೆದುಕೊಳ್ಳಲು ಅವಳು ಸಿದ್ಧಳಿದ್ದಾಳೆ, ಮೊದಲು ತಮ್ಮದೇ.