ಎಡಗೈ ಜೋಪಾನ

ತಪ್ಪಾಗಿದ್ದು ಇಷ್ಟೇ: ಡಾಕ್ಟರು ಹೇಳಿದ್ದನ್ನು ಸೆಲೂನಿನ ಯಜಮಾನರು ಮನೆಗೆ ಬಂದು ಹೆಂಡತಿಯ ಕಿವಿಗೆ ಹಾಕಿದರು. ನಾಡಿದ್ದು ಎಡಗೈಗೆ ಫಿಸ್ಟುಲಾ ಆಪರೇಷನ್. ಎರಡು ರಕ್ತನಾಳ ಜೋಡಿಸಿ ಡಯಾಲಿಸಿಸ್ ಸೂಜಿಗೆ ದಾರಿ ಮಾಡುತ್ತಾರೆ. ಅಲ್ಲಿಯವರೆಗೆ ಆ ಕೈಗೆ ಸೂಜಿ ಬೇಡ, ಬಿಪಿ ಪಟ್ಟಿ ಬೇಡ, ಭಾರ ಬೇಡ. ಹೆಂಡತಿ ಅದನ್ನು ಪಕ್ಕದಂಗಡಿಯ ಟೈಲರಿಗೆ ಹೇಳಿದಳು. ಟೈಲರಿಗೆ ಹೇಳಿದ ಮೇಲೆ ಬೀದಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಯಜಮಾನರಿಗೆ ಬೇಕಾಗಿದ್ದುದು ಒಂದೇ. ಕುತ್ತಿಗೆಯಲ್ಲಿ ನೇತಾಡುವ ಡಯಾಲಿಸಿಸ್ ನಳಿಕೆ ತೊಲಗಬೇಕು, ತಲೆಯ ಮೇಲೆ ಧಾರಾಳವಾಗಿ ನೀರು ಸುರಿದುಕೊಳ್ಳಬೇಕು. ಊರವರ ತಲೆಯನ್ನೆಲ್ಲ ತೊಳೆಯುವವರು ನಳಿಕೆ ನೆನೆಯಬಾರದೆಂದು ನಾಲ್ಕು ತಿಂಗಳಿಂದ ತಮ್ಮ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಅದು ಕಾಯಿಲೆಗಿಂತ ದೊಡ್ಡ ಅವಮಾನವಾಗಿತ್ತು.

ಮರುದಿನ ಬೆಳಗ್ಗೆಯೇ ಟೈಲರು ಉಳಿದ ಹಸಿರು ಬಟ್ಟೆಯಲ್ಲಿ ಜೋಳಿಗೆ ಹೊಲಿದು ತಂದು ಎಡಗೈಯನ್ನು ಅದರೊಳಗೆ ಮಲಗಿಸಿದ. ಯಜಮಾನರು ಬಲಗೈಯೊಂದರಲ್ಲೇ ಕತ್ತರಿ ಆಡಿಸಿದರು. ಬಾಚಣಿಗೆಯನ್ನು ಗಿರಾಕಿಗಳೇ ತಮ್ಮ ತಲೆಗೆ ಹಿಡಿದುಕೊಂಡರು. ಒಬ್ಬನ ಕಿವಿಯ ಮೇಲಿನ ಕೂದಲಲ್ಲಿ ಮೆಟ್ಟಿಲು ಮೂಡಿತು. ಪಾಪ, ಆಪರೇಷನ್ ಮನುಷ್ಯ ಎಂದು ಅವನು ಹೊಟ್ಟೆಗೆ ಹಾಕಿಕೊಂಡ.

ಮಧ್ಯಾಹ್ನ ಎದುರುಮನೆಯ ರಿಟೈರ್ಡ್ ಕಾಂಪೌಂಡರು ಬಿಪಿ ಮಿಷನ್ ಸಮೇತ ಒಕ್ಕರಿಸಿದರು. ಬಲತೋಳಿಗೆ ಪಟ್ಟಿ ಬಿಗಿದು ಐದು ಸಲ ನೋಡಿದರು. ಐದು ಸಲವೂ ಬೇರೆ ಬೇರೆ ಬಂತು. ಆಸ್ಪತ್ರೆಯವರಿಗೆ ಕೆಲಸ ಹಗುರವಾಗಲಿ, ರಕ್ತ ತೆಗೆದು ತಾವೇ ಲ್ಯಾಬಿಗೆ ಕೊಟ್ಟುಬಿಡುವುದಾಗಿ ಹಟ ಹಿಡಿದರು. ಯಜಮಾನರು ಬೇಡವೆಂದು ಗೋಗರೆದರು.

"ಎಡಗೈ ತಂಟೆಗೆ ನಾನು ಬರಲ್ಲ ಕಣ್ರೀ. ಬಲಗೈ ಹೇಗೂ ಸುಮ್ನೆ ಇದೆಯಲ್ಲ?"

ಕಾಂಪೌಂಡರ ಕನ್ನಡಕ ಮನೆಯಲ್ಲೇ ಉಳಿದಿತ್ತು. ನಾಲ್ಕನೆಯ ಚುಚ್ಚಿಗೆ ನರ ಸಿಕ್ಕಿತು. ಸಂಜೆಯ ಹೊತ್ತಿಗೆ ಬಲಗೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆದರೂ ಯಜಮಾನರು ಖುಷಿಯಲ್ಲೇ ಇದ್ದರು, ಎಡಗೈಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಪರೇಷನ್ ದಿನ ಆಸ್ಪತ್ರೆಗೆ ಹೆಂಡತಿಯ ಜೊತೆ ಕಾಂಪೌಂಡರೂ ಹೊರಟರು. ಸರ್ಜನ್ ಎಡಗೈಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಮೇಲೆ ಕೆಳಗೆ ಎರಡು ಸಲ ಒತ್ತಿ ನೋಡಿದರು.

"ಮೇಲ್ನೋಟಕ್ಕೆ ಚೆನ್ನಾಗಿತ್ತು. ಒಳಗೆ ನರ ದಾರದ ಹಾಗಿದೆ, ಇದರಲ್ಲಿ ಆಗಲ್ಲ. ಚಿಂತೆ ಬೇಡ, ಬಲಗೈಗೇ ಮಾಡಿಬಿಡೋಣ."

ಯಜಮಾನರು ಅಂಗಿಯ ಬಲತೋಳು ಮೇಲೇರಿಸಿದರು. ಸರ್ಜನ್ ಆ ಕೈಯನ್ನು ಬಹಳ ಹೊತ್ತು ನೋಡಿದರು. ಹೆಂಡತಿ ಕಾಂಪೌಂಡರನ್ನು ನೋಡಿದಳು. ಕಾಂಪೌಂಡರು ಗೋಡೆ ನೋಡಿದರು.

ಎಂಥಾ ಒಳ್ಳೆಯ ನರವನ್ನು ಹಾಳು ಮಾಡಿಕೊಂಡು ಬಂದಿದ್ದೀರಿ ಎಂದು ಸರ್ಜನ್ ಬೇಜಾರು ಮಾಡಿಕೊಂಡರು. ಈ ನೀಲಿಗಟ್ಟಿದ್ದು ಇಳಿದು ನರ ಸರಿಹೋಗುವವರೆಗೆ ಚಾಕು ಹಾಕುವಂತಿಲ್ಲ, ಮೂರು ವಾರ ಬಿಟ್ಟು ಬನ್ನಿ, ಅಲ್ಲಿಯವರೆಗೆ ಈ ಕೈ ಜೋಪಾನ ಎಂದರು. ಯಜಮಾನರಿಗೆ ಅಳುವೇ ಬಂದುಬಿಟ್ಟಿತು.

ಕಾಂಪೌಂಡರು ಹತ್ತಿರ ಬಂದು ಭುಜ ತಟ್ಟಿದರು.

"ಮೂರು ವಾರ ತಾನೆ? ದಿನಾ ಬಂದು ನಾನೇ ನೋಡ್ಕೋತೀನಿ ಬಿಡಿ."

ಯಜಮಾನರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.