ರಿವಾಲ್ವರಿಗೆ ಬೆಳ್ಳಿ ಬಣ್ಣ

ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಮಾತು. ಶಾಲೆಯ ಕ್ರೀಡಾಕೂಟದ ಹಿಂದಿನ ದಿನ ಡ್ರಿಲ್ ಮೇಷ್ಟ್ರು ಓಟ ಆರಂಭಿಸುವ ರಿವಾಲ್ವರನ್ನು ಮನೆಯ ಮೇಜಿನ ಮೇಲಿಟ್ಟುಕೊಂಡು ಅದರ ಆರು ಗುಳಿಗಳಿಗೂ ಮದ್ದಿನ ಕೇಪು ತುಂಬುತ್ತಿದ್ದರು. ಅದೇ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಅವರ ಹೆಂಡತಿ ಕನ್ನಡಕ ಏರಿಸಿ ನೋಡಿ, "ರೀ, ಇದು ರಿವಾಲ್ವರೋ, ಕಿತ್ತುಹಾಕಿದ ನಲ್ಲಿಯೋ?" ಎಂದರು.

ಅದು ಗುಂಡು ಹಾರಿಸುವ ಆಯುಧವಲ್ಲ. ನಳಿಗೆಗೆ ಗುಂಡು ಹೊರಡುವ ದಾರಿಯೇ ಇರಲಿಲ್ಲ. ಢಂ ಎಂಬ ಸದ್ದು, ಒಂದು ಹಿಡಿ ಬಿಳಿ ಹೊಗೆ, ಇವೆರಡೇ ಅದರ ಕಸುಬು. ಆದರೂ ತಮ್ಮನ್ನೇ ನಲ್ಲಿ ಎಂದಷ್ಟು ನೊಂದ ಮೇಷ್ಟ್ರು ಪಾಠ ಆರಂಭಿಸಿದರು. ಹಿಡಿಯ ಮೇಲಿನ ಗೀರುಗಳು ಅಲಂಕಾರಕ್ಕಲ್ಲ, ಬೆವರಿದ ಅಂಗೈ ಜಾರದಿರಲೆಂದು. ಕೇಪುಗಳನ್ನು ಹೊತ್ತು ತಿರುಗುವ ಉರುಳೆಯ ಮೈಮೇಲಿನ ತೋಡುಗಳು ಭಾರ ಇಳಿಸಲೆಂದು. ಕೇಪಿಗೆ ಬಡಿಯುವ ಹಿಂದಿನ ಸುತ್ತಿಗೆಯ ಬಾಲ ಬಾಗಿರುವುದು ಹೆಬ್ಬೆರಳಿಗೆ ಸಿಗಲೆಂದು. ಮೈಯೆಲ್ಲ ಕಪ್ಪಾಗಿರುವುದು ಬಿಸಿಲಿಗೆ ಹೊಳೆಯದೆ, ಹೊಗೆಯೊಂದೇ ಬೆಳ್ಳಗೆ ಕಾಣಲೆಂದು.

"ಕೆಲಸಕ್ಕೆ ಬಾರದ ಒಂದು ಗೆರೆಯೂ ಇದರ ಮೇಲಿಲ್ಲ. ಅದಕ್ಕೇ ಇದು ಚೆಂದ," ಎಂದು ಮುಗಿಸಿದರು.

"ನಿಮ್ಮ ಥರಾನೇ," ಎಂದರು ಹೆಂಡತಿ.

ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಮೇಷ್ಟ್ರು ರಿವಾಲ್ವರನ್ನು ಪೆಟ್ಟಿಗೆಗೆ ಸೇರಿಸಿ, ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸಲು ಹೊರಟುಹೋದರು. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಮೂವತ್ತೊಂದು ವರ್ಷ ಓಟ ಬಿಡಿಸಿದ ಗಂಡ ಕೊನೆಯ ಸಲ ಕೈ ಎತ್ತುವಾಗ ಊರೆಲ್ಲ ನೋಡುತ್ತದೆ, ಆ ಕೈಯಲ್ಲಿ ತುಕ್ಕಿನ ನಲ್ಲಿ ಇರಬಾರದು ಎಂದು ಹೆಂಡತಿಗೆ ಅನ್ನಿಸಿತು. ಅನುಮತಿ ಕೇಳುವ ಶಿಷ್ಟಾಚಾರವನ್ನು ಪ್ರೀತಿ ಯಾವ ಕಾಲಕ್ಕೂ ಕಲಿತಿಲ್ಲ. ಅವರು ಬಣ್ಣದ ಡಬ್ಬಿ ತೆಗೆದರು.

ಮರುದಿನದ ಮೊದಲ ಸ್ಪರ್ಧೆ ಹುಡುಗಿಯರ ನೂರು ಮೀಟರ್ ಓಟ. ಮೊದಲ ಇಬ್ಬರು ಅಂತರಶಾಲಾ ಕೂಟಕ್ಕೆ ಹೋಗುವವರು. ಓಡಲು ನಿಂತ ಆರು ಜನರಲ್ಲಿ ಏಳನೇ ತರಗತಿಯ ಒಬ್ಬಳನ್ನು ಶಾಲೆಯೆಲ್ಲ ಚಿಗರೆ ಎಂದೇ ಕರೆಯುತ್ತಿತ್ತು. ಕಾಲು ಚಿಗರೆಯದೇ, ಆದರೆ ಕಿವಿ ಕೇಳಿಸುತ್ತಿರಲಿಲ್ಲ. ಹಿಂದಿನ ವರ್ಷ ಸೀಟಿ ಊದಿ ಓಟ ಬಿಟ್ಟಾಗ, ಉಳಿದವರ ಬೆನ್ನು ಕಂಡ ಮೇಲಷ್ಟೇ ಅವಳು ಹೊರಟಿದ್ದಳು. ಅದನ್ನು ನೋಡಿದ ದಿನ ಮೇಷ್ಟ್ರಿಗೆ ಊಟ ಸೇರಿರಲಿಲ್ಲ. ಕಪಾಟಿನ ಮೂಲೆಯಿಂದ ರಿವಾಲ್ವರನ್ನು ಹೊರತೆಗೆದವರೇ, ಸ್ಲೇಟಿನ ಮೇಲೆ 'ಸದ್ದು ಅವರಿಗೆ, ಹೊಗೆ ನಿನಗೆ' ಎಂದು ಬರೆದು, ಆರು ತಿಂಗಳು ಅವಳಿಗೆ ಕತ್ತು ಹೊರಳಿಸಿ ಹೊಗೆ ನೋಡುವುದನ್ನು ಕಲಿಸಿದ್ದರು. ಮುಂದಿನ ವರ್ಷ ಬರುವವರು ಇಷ್ಟು ತಲೆಕೆಡಿಸಿಕೊಳ್ಳುವರೆಂಬ ಭರವಸೆ ಇರಲಿಲ್ಲ. ಇದ್ದದ್ದು ಈ ಒಂದು ಓಟ.

ಗೆರೆಯ ಬಳಿ ನಿಂತು ಮೇಷ್ಟ್ರು ಪೆಟ್ಟಿಗೆ ತೆರೆದರು. ಒಳಗೆ ಮದುವೆಗೆ ಹೊರಟ ನಲ್ಲಿಯಂತೆ ರಿವಾಲ್ವರ್ ಮಿನುಗುತ್ತಿತ್ತು. ನಳಿಗೆಗೆ ಬೆಳ್ಳಿ ಬಣ್ಣ, ಉರುಳೆಯ ಸುತ್ತ ಚಿನ್ನದ ಬಳ್ಳಿ, ಹಿಡಿಯ ಗೀರುಗಳೆಲ್ಲ ತುಂಬುವಂತೆ ವಾರ್ನಿಷ್. ದೂರದಲ್ಲಿ ಡ್ರಾಯಿಂಗ್ ಮೇಡಂ ಸೆರಗು ಸರಿಮಾಡಿಕೊಂಡು ಮುಗುಳ್ನಗುತ್ತಿದ್ದರು.

ಕೋಪಕ್ಕೆ ಸಮಯವಿರಲಿಲ್ಲ. ಮೇಷ್ಟ್ರು ಕೈ ಎತ್ತಿದರು. ಹುಡುಗಿಯರು ಬಾಗಿದರು. ಟ್ರಿಗರ್ ಎಳೆದರೆ ಅದು ಅಲ್ಲಾಡಲಿಲ್ಲ. ವಾರ್ನಿಷ್ ಸಂದಿಗೆ ಇಳಿದು ಉರುಳೆಯನ್ನು ಕಚ್ಚಿ ಹಿಡಿದಿತ್ತು. ಎರಡೂ ಕೈ ಸೇರಿಸಿ ಎಳೆದಾಗ ನಳಿಗೆ ನಡುಗಿ ಬಿಸಿಲಿಗೆ ಬೆಳ್ಳಗೆ ಫಳ್ ಎಂದು ಹೊಳೆಯಿತು.

ಹೊಗೆಯೆಂದುಕೊಂಡು ಚಿಗರೆ ಹೊರಟೇಬಿಟ್ಟಳು. ನಿಲ್ಲು ನಿಲ್ಲು ಎಂದು ಮೈದಾನವೆಲ್ಲ ಕೂಗಿದರೂ ಕೂಗು ತಲುಪಬೇಕಾದ ಕಿವಿಗೆ ತಲುಪಲಿಲ್ಲ. ನೂರು ಮೀಟರನ್ನೂ ಒಬ್ಬಳೇ ಓಡಿ, ಎದೆಯಿಂದ ರಿಬ್ಬನ್ ಹರಿದು, ಮುಖವೆಲ್ಲ ನಗುವಾಗಿ ತಿರುಗಿ ನೋಡಿದಳು. ಉಳಿದ ಐವರು ಗೆರೆಯಲ್ಲೇ ಬಾಗಿದ್ದರು. ಆ ನಗು ಆರಿದ್ದನ್ನು ನೋಡಲಾಗದೆ ಮೇಷ್ಟ್ರು ಕಣ್ಣು ತಗ್ಗಿಸಿದರು.

ಗಡಿಯಾರ ಹಿಡಿದಿದ್ದ ಲೆಕ್ಕದ ಮೇಷ್ಟ್ರು, ಸದ್ದಿಗೆ ಮುಂಚೆ ಓಡಿದವರು ನಿಯಮದ ಪ್ರಕಾರ ಔಟ್ ಎಂದು ಘೋಷಿಸಿದರು.

"ತಪ್ಪಿದ್ದು ರಿವಾಲ್ವರು ಸಾರ್, ಅವಳಲ್ಲ," ಎಂದರು ಡ್ರಿಲ್ ಮೇಷ್ಟ್ರು. "ಔಟ್ ಮಾಡೋದಾದ್ರೆ ನನ್ನನ್ನ ಮಾಡಿ."

ಮುಖ್ಯೋಪಾಧ್ಯಾಯಿನಿ ಚಿಗರೆಯನ್ನು ಮತ್ತೆ ಗೆರೆಗೆ ಕರೆಸಿ, ರಿವಾಲ್ವರ್ ಸರಿಮಾಡಲು ಹತ್ತು ನಿಮಿಷ ಕೊಟ್ಟರು. ಹತ್ತು ನಿಮಿಷವೂ ಸಲಹೆಗಳ ಸುರಿಮಳೆ. ವಿಜ್ಞಾನದ ಮೇಷ್ಟ್ರು ಚೂರಿಯಿಂದ ಕೆರೆದರು. ಚಿನ್ನದ ಎಲೆಗಳು ಉದುರಿದವೇ ಹೊರತು ಉರುಳೆ ತಿರುಗಲಿಲ್ಲ. ಕ್ರಾಫ್ಟ್ ಮೇಷ್ಟ್ರು ಕಲ್ಲಿಗೆ ಕುಟ್ಟಿದರು. ಕಲ್ಲಿಗೆ ಬೆಳ್ಳಿ ಬಣ್ಣ ಬಂತು. ಸೀಟಿ ಊದಿ ಜೊತೆಗೆ ಕರವಸ್ತ್ರ ಬೀಸಿ ಎಂದರು ಲೆಕ್ಕದವರು. ಡ್ರಿಲ್ ಮೇಷ್ಟ್ರು ಒಪ್ಪಲಿಲ್ಲ. ಬಾಯಿ ಒಂದು ಗಳಿಗೆ ಮುಂದಾದರೆ ಅವಳಿಗೆ ಅನ್ಯಾಯ, ಕೈ ಮುಂದಾದರೆ ಉಳಿದವರಿಗೆ ಅನ್ಯಾಯ. ಸದ್ದೂ ನೋಟವೂ ಒಂದೇ ವಸ್ತುವಿನಿಂದ ಒಟ್ಟಿಗೇ ಹೊರಡಬೇಕು.

"ಒಬ್ಬಳಿಗೋಸ್ಕರ ಇಷ್ಟೆಲ್ಲಾ ಬೇಕಾ?" ಎಂದರು ಲೆಕ್ಕದವರು.

"ಲೆಕ್ಕ ಕಲಿಸೋರಿಗೆ ಒಂದು ಅಂದ್ರೆ ಸೊನ್ನೆ ಅಲ್ಲ ಅಂತ ನಾನು ಹೇಳ್ಬೇಕಾ?"

ಅಷ್ಟರಲ್ಲಿ ಡ್ರಾಯಿಂಗ್ ಮೇಡಂ ಬಂದರು. ಕೈಯಲ್ಲಿ ಅವರೇ ಕೆಂಪು ಹಳದಿ ಗಿಳಿಗಳನ್ನು ಬರೆದ ಕೊಡೆ. ಆ ಕೊಡೆಯ ಕೆಳಗೆ ಕಾಣಿಸಿಕೊಳ್ಳಲು ನಾಚಿ ಮೇಷ್ಟ್ರು ಒಂಬತ್ತು ವರ್ಷದಿಂದ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದರು. ಶಾಲೆಯಲ್ಲಿ ಇಬ್ಬರೂ ಪರಸ್ಪರ 'ಮೇಷ್ಟ್ರೇ', 'ಮೇಡಂ' ಎಂದೇ ಮಾತಾಡಬೇಕೆಂಬುದು ಮದುವೆಯಾದಂದಿನ ಕರಾರು. ಇಂದು ಅದು ಮುರಿಯಿತು.

"ರೀ, ತಪ್ಪಾಯ್ತು. ನಿಮ್ಮ ಕೈಗೆ ಒಪ್ಪಲಿ ಅಂತ ಮಾಡಿದೆ," ಎನ್ನುತ್ತ ಅವರು ಮುಖ್ಯೋಪಾಧ್ಯಾಯಿನಿಯ ಎದುರು ಕೊಡೆ ಮಡಿಸಿ, ತುಂಬಿದ ಕಣ್ಣು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಅದರ ಗುಂಡಿ ಒತ್ತಿದರು.

ಫಟ್.

ಹಿಡಿ ಗಾತ್ರದ ಕೋಲಿನಿಂದ ಹನ್ನೆರಡು ಗಿಳಿಗಳು ಒಮ್ಮೆಲೇ ರೆಕ್ಕೆ ಬಿಚ್ಚಿದವು. ಗೆರೆಯಲ್ಲಿ ಕಾಯುತ್ತಿದ್ದ ಆರೂ ಹುಡುಗಿಯರು ಒಂದೇ ಗಳಿಗೆಗೆ ಚಿಮ್ಮಿದರು. ಐವರು ಸದ್ದಿಗೆ, ಒಬ್ಬಳು ನೋಟಕ್ಕೆ.

ಮೇಷ್ಟ್ರು ಹೆಂಡತಿಯ ಕೈಯಿಂದ ಕೊಡೆ ತೆಗೆದುಕೊಂಡರು. ಆಮೇಲೆ ಎಲ್ಲರನ್ನೂ ವಾಪಸು ಕರೆಸಿ, ಕೊಡೆ ಮಡಿಸಿಕೊಂಡು, ಮೂವತ್ತೊಂದು ವರ್ಷದ ಗಾಂಭೀರ್ಯದಿಂದ ಅದನ್ನು ಆಕಾಶಕ್ಕೆ ಎತ್ತಿ ಹಿಡಿದು ಗುಂಡಿ ಒತ್ತಿದರು. ಚಿಗರೆ ಎರಡನೆಯವಳಾಗಿ ಬಂದಳು. ಅಂತರಶಾಲಾ ಕೂಟದ ಪಟ್ಟಿಗೆ ಹೆಸರು ಬರೆಯುವಾಗ ಲೆಕ್ಕದ ಮೇಷ್ಟ್ರ ಲೇಖನಿ ಒಮ್ಮೆಯೂ ತಡೆಯಲಿಲ್ಲ.

ಸಂಜೆಯ ಬೀಳ್ಕೊಡುಗೆಯಲ್ಲಿ ಡ್ರಿಲ್ ಮೇಷ್ಟ್ರು ತಮ್ಮ ಸಿದ್ಧಾಂತವನ್ನು ಮಕ್ಕಳ ಮುಂದೆ ಒಮ್ಮೆ ಸರಿಯಾಗಿ ಸ್ಥಾಪಿಸಲು ನಿರ್ಧರಿಸಿದ್ದರು. ಕೆಲಸವನ್ನು ಮರೆತ ಅಲಂಕಾರ ಹೇಗೆ ಒಂದು ಮಗುವಿನ ಓಟವನ್ನೇ ಕಸಿಯುತ್ತಿತ್ತೆಂದು ಹೇಳಿ, ಸಾಕ್ಷಿಗಾಗಿ ಗೀರುಬಿದ್ದ ರಿವಾಲ್ವರನ್ನು ಚಿಗರೆಯ ಕೈಗೆ ಕೊಟ್ಟರು. ಇದರಿಂದ ಅತಿ ಹೆಚ್ಚು ನೊಂದವಳು ಅವಳೇ. ತೀರ್ಪು ಅವಳದೇ ಆಗಲಿ ಎಂಬುದು ಅವರ ನ್ಯಾಯ. ಸ್ಲೇಟಿನ ಮೇಲೆ 'ಇದು ಹೇಗಿದೆ?' ಎಂದು ಬರೆದು ತೋರಿಸಿದರು.

ಅವಳು ಉಳಿದಿದ್ದ ಚಿನ್ನದ ಬಳ್ಳಿಯನ್ನು ಬೆರಳ ತುದಿಯಿಂದ ಸವರಿದಳು. ಆಮೇಲೆ ಇಡೀ ಸಭಾಂಗಣಕ್ಕೆ ಕೇಳುವಂಥ ತನ್ನ ದೊಡ್ಡ ದನಿಯಲ್ಲಿ ಹೇಳಿದಳು.

"ತುಂಬಾ ಚೆನ್ನಾಗಿದೆ ಮೇಷ್ಟ್ರೇ. ನಂಗೆ ಕೊಡ್ತೀರಾ?"

ಹಿಂದಿನ ಸಾಲಿನಿಂದ ಹೆಂಡತಿಯ ಮೆಲುದನಿ ತೇಲಿ ಬಂತು. "ರೀ, ಕೇಳಿಸ್ತಾ?"

ಡ್ರಿಲ್ ಮೇಷ್ಟ್ರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಮಾತ್ರ ಸ್ಲೇಟು ಒರೆಸುವುದರಲ್ಲೇ ಮಗ್ನರಾಗಿದ್ದರು. ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಮನೆಗೆ ಹೋಗುವಾಗ ಆ ಗಿಳಿಗಳ ಕೆಳಗೆ, ಹೆಂಡತಿಯ ಪಕ್ಕದಲ್ಲೇ, ಊರೆಲ್ಲ ನೋಡುವಂತೆ ನಡೆಯಬೇಕಿತ್ತು.